ಮೊಣಕೈಯಿಂದ ತೋರುಬೆರಳಿನವರೆಗೆ

ರಿಗ್ಗೈ, ಕುವೈತ್
14 ನವೆಂಬರ್ 1997

ಪ್ರಿಯ ಸಿಲ್ವೆಸ್ಟರ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನೀನು ಮೊದಲು ಗಾಬರಿಯಾಗುತ್ತೀಯ ಎಂದು ಗೊತ್ತು. ಗಾಬರಿ ಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವ ಅಲೋಶಿಯಸ್ ಲ್ಯಾಬಿನಲ್ಲಿ ಜನರ ರಕ್ತವನ್ನೂ ಮನೆಯಲ್ಲಿ ನನ್ನ ತಾಳ್ಮೆಯನ್ನೂ ಪರೀಕ್ಷಿಸಿಕೊಂಡು ಸುಖವಾಗಿದ್ದಾರೆ. ಮಗ ಆಲ್‌ಸ್ಟನ್ ನನಗಿಂತ ಎತ್ತರ ಬೆಳೆದಿದ್ದಾನೆ. ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಆದರೆ ಹಸಿವಾದಾಗ ಕೊಂಕಣಿ ಸರಿಯಾಗಿಯೇ ಬರುತ್ತದೆ.

ಪಪ್ಪನ ಕೋವಿಯನ್ನು ನಿನ್ನ ಹೆಸರಿಗೆ ಮಾಡಲು ಅಕ್ಕನ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ವಕೀಲರ ಮೂಲಕ ಕಳಿಸಿದ್ದೆಯಲ್ಲ, ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಸಹಿ ಹಾಕಿಲ್ಲ. ಇವತ್ತು ಬರೆಯುತ್ತಿರುವುದು ಬೇರೊಂದು ಕೋವಿಯ ಬಗ್ಗೆ.

ಅಬು ಮಿಶಾರಿ ನಿನಗೆ ನೆನಪಿರಬಹುದು: ನನಗೆ ವೀಸಾ ಕೊಟ್ಟ ಕಫೀಲ್, ಶುವೈಖಿನಲ್ಲಿ ಏರ್ ಕಂಡೀಷನರ್ ಬಿಡಿಭಾಗಗಳ ವ್ಯಾಪಾರಿ, ನಾನು ಅವರ ಸೆಕ್ರೆಟರಿ. ವಯಸ್ಸು ಎಪ್ಪತ್ತರ ಹತ್ತಿರ. ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ವಾಲ್ಟ್ ಎಂಬ ಅಮೆರಿಕದ ಇಂಜಿನಿಯರ್ ಅವರ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದ. ಈಗ ಅವನು ನಿವೃತ್ತನಾಗಿ ಮಿಸ್ಸೂರಿ ಎಂಬ ಕಡೆ ಇದ್ದಾನೆ. ‘ವಸಂತಕ್ಕೆ ಬಾ, ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗೋಣ. ಯಾವ ಕೋವಿ ಬೇಕೋ ಹೇಳು, ತೆಗೆದಿಟ್ಟಿರುತ್ತೇನೆ’ ಎಂದು ಬರೆದು ದಪ್ಪನೆಯ ಕ್ಯಾಟಲಾಗೊಂದನ್ನು ಕಳಿಸಿದ್ದಾನೆ. ಅಬು ಮಿಶಾರಿ ಅದನ್ನು ನನ್ನ ಮೇಜಿನ ಮೇಲಿಟ್ಟು, “ನಿನ್ನ ತಂದೆ ಬೇಟೆಗಾರ ಅಂದಿದ್ದೆಯಲ್ಲ ಆಗ್ನೆಸ್? ನೀನೇ ಆರಿಸು” ಎಂದರು. ಕಂಪ್ರೆಸರ್ ಆರಿಸು ಅಂದ ಹಾಗೆ.

ಅವರು ಚಿಕ್ಕಂದಿನಿಂದ ಗಿಡುಗ ಹಾರಿಸಿ ಬೇಟೆಯಾಡಿದವರು. ಕೋವಿ ಅವರಿಗೆ ಹೊಸತು. ನನಗೋ, ಹಳೆಯದಾಗಿ ಮರೆತೇಹೋದದ್ದು. ಕ್ಯಾಟಲಾಗಿನಲ್ಲಿ ಎಲ್ಲ ಕೋವಿಯೂ ಒಂದೇ ತರಹ ಹೊಳೆಯುತ್ತದೆ. ಗೊತ್ತಿರುವವರನ್ನು ಕೇಳಬೇಕು ಅನ್ನಿಸಿತು. ನನಗೆ ಗೊತ್ತಿರುವವರಲ್ಲಿ ಕೋವಿ ಗೊತ್ತಿರುವವನು ನೀನೊಬ್ಬನೇ.

ಇದು ನೆಪವೋ ಎಂದು ನೀನು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಬರುವ ಮೊದಲೇ ಕಾಗದ ಬರೆದಾಗಿತ್ತು.

ನಿನ್ನ ಅಕ್ಕ,
ಆಗ್ನೆಸ್


ಮೂಡಬಿದ್ರಿ
2 ಡಿಸೆಂಬರ್ 1997

ಆಗ್ನೆಸ್‌ಗೆ,

ಕಾಗದ ಸಿಕ್ಕಿತು. ಇಲ್ಲಿ ಎಲ್ಲರೂ ಕ್ಷೇಮ. ಡ್ರೈವಿಂಗ್ ಸ್ಕೂಲಿಗೆ ಎರಡನೆಯ ಕಾರು ತೆಗೆದೆ. ಮಗಳು ರಿಯೋನಾ ಒಂಬತ್ತನೆಯ ಕ್ಲಾಸು.

ನಿನ್ನ ಕಫೀಲ್‌ಗೆ ಯಾವ ಕೋವಿ ಅಂತ ಈಗಲೇ ಹೇಳಲಿಕ್ಕೆ ಬರುವುದಿಲ್ಲ. ನನ್ನ ಸ್ಕೂಲಿನಲ್ಲಿ ಸೀಟು ಸರಿ ಮಾಡದೆ ಯಾರಿಗೂ ಗಾಡಿ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಬ್ರೇಕಿಗೆ ಕಾಲು ಎಟುಕದವನಿಗೆ ಅಂಬಾಸಡರ್ ಕೊಟ್ಟರೆ ಎಂತ ಪ್ರಯೋಜನ? ಮೊದಲು ಹಕ್ಕಿಯ ವಿಷಯ ಬರೆ. ಹಾರುವಾಗ ಹೊಡೆಯುವುದಾ, ನಿಂತಾಗಲಾ? ಎಷ್ಟು ದೂರದಿಂದ? ಮೈಗಾ, ತಲೆಗಾ? ಆಮೇಲೆ ಮನುಷ್ಯನ ವಿಷಯ. ಯಾವ ಕೈ, ಯಾವ ಕಣ್ಣು, ಭುಜ ಗಟ್ಟಿ ಉಂಟಾ, ನಿಂತು ಹೊಡೆಯುವುದಾ ಕೂತಾ? ಕೈ ಮಡಚಿ, ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳತೆ ತೆಗೆ. ಕೋವಿಯ ಮರದ ಬುಡ ಆ ಉದ್ದಕ್ಕೆ ಹೊಂದಬೇಕು.

ಪಪ್ಪನ ಕೋವಿ ಇನ್ನೂ ಮಂಗಳೂರಿನಲ್ಲಿ ಇಬ್ರಾಹಿಂ ಖಲೀಲರ ಕೋವಿ ಅಂಗಡಿಯಲ್ಲೇ ಠೇವಣಿ ಉಂಟು. ಪಪ್ಪ ತೀರಿ ಮೂರು ವರ್ಷ ಆಯಿತಲ್ಲ. ಬರುವ ಮೇ ಕೊನೆಯೊಳಗೆ ವಾರಸುದಾರರ ಹೆಸರಿಗೆ ಆಗದಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕು ಅಂತ ನೋಟೀಸು ಬಂದಿದೆ. ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದೆ.

ಇತಿ,
ಸಿಲ್ವೆಸ್ಟರ್


ರಿಗ್ಗೈ
26 ಡಿಸೆಂಬರ್ 1997

ಪ್ರಿಯ ಸಿಲ್ವೆಸ್ಟರ್,

ನಿನಗೂ ಮನೆಯವರಿಗೂ ಕ್ರಿಸ್ಮಸ್ ಶುಭಾಶಯ. ಈ ಸಲ ಹಬ್ಬದ ತಿಂಡಿ ಕುಸ್ವಾರಿಗೆ ಕರ್ಜಿಕಾಯಿಯಂಥ ನೆವ್ರಿಯನ್ನು ನಾನೇ ಮಾಡಿದೆ. ಮೇಲಿನ ಮನೆಯ ನಫೀಸಮ್ಮ ತಿಂದು, “ನಿಮ್ಮ ನೆವ್ರಿಗಿಂತ ನಮ್ಮ ಅಕ್ಕಿಯ ಪತ್ತಿರಿಯೇ ಮೇಲು” ಎಂದರು. ಹಾಗೆ ಹೇಳುತ್ತಲೇ ತಟ್ಟೆ ಖಾಲಿ ಮಾಡಿದರು.

ನೀನು ಕೇಳಿದ್ದಕ್ಕೆಲ್ಲ ಉತ್ತರ ತಂದಿದ್ದೇನೆ.

ಹಕ್ಕಿ ದೊಡ್ಡದು, ನಿಂತರೆ ನನ್ನ ಸೊಂಟದ ಹತ್ತಿರ ಬರುತ್ತದಂತೆ. ಅಟ್ಟಿಸಿಕೊಂಡು ಹೋಗುವ ಬೇಟೆಯಲ್ಲ. ಬೆಳಗಾಗುವ ಮೊದಲು ಮರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಹೇಂಟೆಯ ಹಾಗೆ ದನಿ ಮಾಡಿ ಹುಂಜವನ್ನು ಕರೆಯಬೇಕು. ಅದು ಬರುತ್ತದೆ, ಆದರೆ ನಿಂತು ನಿಂತು, ಅನುಮಾನಿಸುತ್ತ ಬರುತ್ತದೆ. ಮೈಗೆ ಹೊಡೆದರೆ ದಪ್ಪ ಗರಿಯೊಳಗೆ ಸೀಸದ ಚರೆ ಸಿಕ್ಕಿಕೊಂಡು, ಗಾಯಗೊಂಡ ಹಕ್ಕಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ತಲೆಗೆ, ಕುತ್ತಿಗೆಗೆ, ಅದೂ ನಿಂತಾಗಲೇ. ರೈಫಲ್ ಅಲ್ಲಿ ಕೂಡದು, ಗುಂಡು ಮರಗಳಾಚೆ ಹೋಗಿ ಇನ್ನೊಬ್ಬ ಬೇಟೆಗಾರನಿಗೆ ತಗಲಿದರೆ? ಇನ್ನೊಂದು ವಿಚಿತ್ರ: ಆ ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಬಣ್ಣದ ಬಟ್ಟೆ ಹಾಕಿಕೊಂಡರೆ ಪೊದೆಯಾಚೆ ಕೂತವನು ಹಕ್ಕಿಯೆಂದು ತಿಳಿದು ಹೊಡೆದಾನು. ಚಳಿಗಾಲವಲ್ಲವೇ, ಅಬು ಮಿಶಾರಿ ತಲೆಗೆ ಕೆಂಪು ಬಿಳಿ ಚೌಕಳಿಯ ಶಮಾಘ್ ಕಟ್ಟುತ್ತಿದ್ದಾರೆ. ಅದನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದಾಗ, “ನನ್ನ ತಲೆ ಅಷ್ಟು ಚೆಂದವೇ?” ಎಂದರು.

ಇನ್ನು ಮನುಷ್ಯನ ವಿಷಯ. ಖೈತಾನಿನ ದರ್ಜಿಯಿಂದ ಟೇಪು ಕಡ ತಂದು, ಗುರುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಹೆಂಡತಿ ಉಮ್ ಮಿಶಾರಿಯೂ ಇದ್ದರು. ಮಿಸ್ಸೂರಿಯ ಮರದ ಬದಲು ಗೋಡೆಗೆ ದಿಂಬು ಇಟ್ಟು, ಜಮಖಾನೆಯ ಮೇಲೆ ಅವರನ್ನು ಕೂರಿಸಿದೆ. ಕೂರುವುದರಲ್ಲಿ ಏನೂ ತೊಂದರೆಯಿಲ್ಲ, ಗಂಡಸರು ಹರಟೆಗೆ ಸೇರುವ ದಿವಾನಿಯಾದಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಹಾಗೇ ಕೂತು ರೂಢಿಯಿದೆ. ಕೋವಿ ಇಲ್ಲದ್ದಕ್ಕೆ ಛತ್ರಿ ಕೊಟ್ಟೆ. ತೂಕ ಸಾಲದೆಂದು ಅದಕ್ಕೆ ಬಾಸ್ಮತಿ ಅಕ್ಕಿಯ ಚೀಲ ಕಟ್ಟಿದೆ. “ಈಗ ಹಕ್ಕಿ ಬರುತ್ತಿದೆ, ಅಲುಗಬೇಡಿ” ಎಂದೆ. ಚಹಾ ತಂದ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

ಬಲಭುಜದ ಮೇಲೆ ಛತ್ರಿ ಸ್ವಲ್ಪ ಹೊತ್ತೂ ನಿಲ್ಲಲಿಲ್ಲ, ನಡುಗಿತು. ಇರಾಕಿನ ಆಕ್ರಮಣದ ವರ್ಷ ಆ ಭುಜಕ್ಕೆ ಏನೋ ಆಗಿತ್ತು. ಏನೆಂದು ಅವರು ಯಾವತ್ತೂ ಹೇಳಿಲ್ಲ, ನಾವು ಯಾವತ್ತೂ ಕೇಳಿಲ್ಲ. ಅಷ್ಟರಲ್ಲಿ ಉಮ್ ಮಿಶಾರಿ ಸೋಫಾದ ಮೇಲಿಂದ, “ಆಗ್ನೆಸ್, ಇವನಿಗೆ ಬಂದೂಕು ಬೇಡ, ಕನ್ನಡಕ ಕೊಡಿಸು. ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು, ಡಾಕ್ಟರ ಹತ್ತಿರ ಹೋಗು ಅಂದರೆ ಹೋಗುವುದಿಲ್ಲ. ಮೊನ್ನೆ ಬೆಕ್ಕಿಗೆ ಸಲಾಂ ಹೇಳಿದ” ಎಂದರು. ಅಬು ಮಿಶಾರಿ, “ಅದು ಒಳ್ಳೆಯ ಬೆಕ್ಕು” ಎಂದರು.

ಆದರೆ ಅವರಿಗೆ ಬೇಕಾಗಿರುವುದು ಹನ್ನೆರಡು ಬೋರಿನ ದೊಡ್ಡ ಕೋವಿ, ಮೈಮೇಲೆ ಚಿನ್ನದ ಕೆತ್ತನೆ ಇರುವುದು. ಮಗ ಮಿಶಾರಿ ಹತ್ತು ಬೋರಿನದೇ ತೆಗೆದುಕೊಳ್ಳಿ ಅನ್ನುತ್ತಾನೆ, ಅಂಕಿ ಇಳಿದಷ್ಟೂ ನಳಿಗೆ ದೊಡ್ಡದಂತೆ. ಮೊಣಕೈಯಿಂದ ಬೆರಳಿನವರೆಗೆ ಹದಿನಾಲ್ಕು ಇಂಚು ಬಂತು. ಇದು ಹೆಚ್ಚೋ ಕಡಿಮೆಯೋ ನನಗೆ ತಿಳಿಯದು. ಪಪ್ಪನ ಕೋವಿಯ ಬುಡ ಎಷ್ಟಿತ್ತು? ಅದೊಂದನ್ನೇ ನಾನು ಹಿಡಿದು ಬಲ್ಲೆ. ಅದರ ಅಳತೆ ಗೊತ್ತಾದರೆ ಇದನ್ನು ಊಹಿಸಿಕೊಳ್ಳಬಲ್ಲೆ.

ನೋಟೀಸಿನ ವಿಷಯ ಓದಿದೆ. ಯೋಚಿಸುತ್ತಿದ್ದೇನೆ. ಪಪ್ಪ ತೀರಿದ ತಿಂಗಳ ಪೂಜೆಯ ಊಟದಲ್ಲಿ ನೀನು ಎಲ್ಲರೆದುರು, “ಕುವೈಟಿನಲ್ಲಿರುವವಳಿಗೆ ಕೋವಿ ಎಂತಕ್ಕೆ?” ಎಂದು ನಗಿಸಿದೆಯಲ್ಲ, ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ ಎಂದು ತಿಳಿದುಕೋ.

ನೆವ್ರಿಯ ಕೈ ತೊಳೆಯದೆ ಬರೆದ,
ಆಗ್ನೆಸ್


ಮೂಡಬಿದ್ರಿ
24 ಜನವರಿ 1998

ಆಗ್ನೆಸ್‌ಗೆ,

ನೀನು ಅಳತೆ ಕೇಳಿದ ಕಾರಣ ಮಂಗಳೂರಿಗೆ ಹೋಗಿ ಬಂದೆ. ಚುನಾವಣೆ ಅಲ್ವಾ, ಊರಿನ ಕೋವಿ ಎಲ್ಲ ಒಪ್ಪಿಸಬೇಕು. ಕೆಲವರು ಸ್ಟೇಷನಿಗೆ ಕೊಡುತ್ತಾರೆ, ಕೆಲವರು ಖಲೀಲರ ಅಂಗಡಿಗೆ. ಅಂಗಡಿಯ ತುಂಬ ಗೋಡೆಗೆ ಒರಗಿಸಿದ ಕೋವಿಗಳು, ಪ್ರತಿಯೊಂದಕ್ಕೂ ಕೊರಳಲ್ಲಿ ಚೀಟಿ. ಮದುವೆಗೆ ಬಂದ ನೆಂಟರ ಹಾಗೆ. ಹೊರಗೆ ಇನ್ನೂ ಒಬ್ಬ ಮುದುಕರು ಕೋವಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಗುವಿನ ಹಾಗೆ ಹಿಡಿದು ನಿಂತಿದ್ದರು.

ಮೊದಲು ನಿನ್ನ ಕಫೀಲ್‌ನ ವಿಷಯ ಮುಗಿಸುತ್ತೇನೆ. ಬಲಭುಜ ಹಾಳು, ಬಲಗಣ್ಣೂ ಹಾಳು. ದೇವರೇ ಎಡಕ್ಕೆ ತಿರುಗಿಸಿದ್ದಾನೆ, ಎಡಭುಜಕ್ಕೆ ಕೊಡು. ಆದರೆ ಒಂದು ಉಂಟು: ಸಾಧಾರಣ ಕೋವಿಯಲ್ಲಿ ಖಾಲಿ ತೋಟೆ ಬಲಕ್ಕೆ ಹಾರುತ್ತದೆ. ಎಡಗೈಯವನಿಗೆ ಅದು ಮುಖದ ಎದುರೇ ಹಾರಿದ ಹಾಗೆ. ಅದಕ್ಕೆ ನಡುವಿನಲ್ಲಿ ಮಡಚುವ ಜೋಡಿ ನಳಿಗೆಯದು ತೆಗೆ, ಯಾವ ಕೈಗೂ ಒಂದೇ. ಹನ್ನೆರಡು ಬೋರ್ ಬೇಡ. ದೊಡ್ಡ ತೋಟೆಯ ಒದೆತ ಆ ಪ್ರಾಯಕ್ಕೆ ತಡೆಯುವುದಿಲ್ಲ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ ಯಾವ ಬೋರ್ ಆದರೂ ಒಂದೇ. ಇಪ್ಪತ್ತು ಬೋರ್ ಸಾಕು. ನಳಿಗೆಯ ತುದಿ ಬಿಗಿಯಾದ ಚೋಕ್ ಇರಲಿ, ಚರೆ ಚದುರದೆ ಒಟ್ಟಿಗೆ ಹೋಗಬೇಕು. ಕೆತ್ತನೆ ಬೇಡ, ಹೊಳೆದರೆ ಹಕ್ಕಿ ನೋಡುತ್ತದೆ. ಬುಡಕ್ಕೆ ರಬ್ಬರಿನ ಮೆತ್ತೆ. ಸಣ್ಣ ಕೋವಿಯ ಒಂದೇ ದೋಷ, ಹಕ್ಕಿಯನ್ನು ತುಂಬ ಹತ್ತಿರ ಬರಲು ಬಿಡಬೇಕು. ಅಷ್ಟು ತಾಳ್ಮೆ ಅವರಿಗೆ ಉಂಟಾ, ಅದು ನಿನಗೆ ಗೊತ್ತು.

ಇನ್ನು ಪಪ್ಪನ ಕೋವಿ. ಖಲೀಲರು ತೆಗೆದು ಎಣ್ಣೆ ಒರಸಿ ಕೊಟ್ಟರು. ಅಳೆದೆ. ನನ್ನ ಕೈ ಹದಿನಾಲ್ಕೂವರೆ, ಕೋವಿಯ ಬುಡ ಹದಿಮೂರು. ಟೇಪು ಸರಿ ಇಲ್ಲ ಅಂತ ಮತ್ತೆ ಅಳೆದೆ. ಖಲೀಲರು ನಕ್ಕರು.

“ಟೇಪು ಸರಿಯೇ ಉಂಟು ಮಾರಾಯ್ರೇ. ಒಂದೂವರೆ ಇಂಚು ಕೊಯ್ದದ್ದು. ನನ್ನ ಬಾಪ ಕೊಯ್ಯುವಾಗ ನಾನೇ ಆ ಕಡೆ ಹಿಡ್ಕೊಂಡಿದ್ದೆ. ನಿಮ್ಮ ತಂದೆ ಮಾಸ್ಟ್ರು ಹುಡುಗಿಯನ್ನು ಕರ್ಕೊಂಡು ಬಂದಿದ್ರು. ಅವಳು ಹೊರಗೆ ಬೆಂಚಿನಲ್ಲಿ ಕೂತು ಸೋಡ ಕುಡೀತಾ ಇದ್ದಳು.”

ಅರುವತ್ತೆಂಟರಲ್ಲಿ ಅಂತೆ. ಹೊಸತಾಗಿ ತೆಗೆದಾಗಲೇ. ನಾನು ಕೇಳಿದೆ, ಮತ್ತೆ ಯಾಕೆ ಜೋಡಿಸಲಿಲ್ಲ, ನೀನು ಮದುವೆಯಾಗಿ ಹೋದ ಮೇಲಾದರೂ? ಖಲೀಲರು ಹೇಳಿದರು, “ಲೈಸೆನ್ಸ್ ರಿನ್ಯೂವಲಿಗೆ ಬಂದಾಗಲೆಲ್ಲ ನಾನು ಕೇಳ್ತಿದ್ದೆ, ತುಂಡು ಇದ್ದರೆ ತನ್ನಿ ಮಾಸ್ಟ್ರೇ, ಕೂಡಿಸಿ ಕೊಡ್ತೇನೆ ಅಂತ. ಇರ್ಲಿ ಖಲೀಲ್, ಅವಳು ರಜೆಗೆ ಬರ್ತಾಳೆ, ಅಂತಿದ್ರು.”

ಗಿಡ್ಡ ಬುಡದ ಆ ಕೋವಿಯಲ್ಲಿ ಹೊಡೆದಾಗಲೆಲ್ಲ ನನ್ನ ಹೆಬ್ಬೆರಳು ನನ್ನ ಮೂಗಿಗೇ ಬಡಿಯುತ್ತಿತ್ತು. ಮೂಗು ಊದಿಸಿಕೊಂಡು ಬಂದರೆ ಪಪ್ಪ ಮಂಜುಗಡ್ಡೆ ಇಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ನನಗೆ ಗುರಿ ಇಲ್ಲ ಅಂತ ನಾನು ಇಷ್ಟು ವರ್ಷ ತಿಳಿದುಕೊಂಡದ್ದು.

ಹೆಚ್ಚು ಬರೆಯಲು ಇಲ್ಲ.

ಸಿಲ್ವೆಸ್ಟರ್


ಮೂಡಬಿದ್ರಿ
20 ಫೆಬ್ರವರಿ 1998

ಅಕ್ಕ,

ಪೇಪರಿನಲ್ಲಿ ಮತ್ತೆ ಯುದ್ಧ ಅಂತ ಉಂಟು. ಗ್ಯಾಸ್ ಮಾಸ್ಕ್ ಹಾಕಿಕೊಂಡವರ ಫೋಟೋ ಹಾಕಿದ್ದಾರೆ. ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದೆ. ಯಾರೋ ಅರಬ್ಬಿಯಲ್ಲಿ ಬೈದ. ಹೊಸ ನಂಬರ್ ನೀನು ಕೊಟ್ಟಿಲ್ಲ. ನಾನು ಕೇಳಿರಲಿಲ್ಲ ಅನ್ನುವುದೂ ಸತ್ಯ.

ಹೋದ ಕಾಗದದಲ್ಲಿ ಕೊನೆಗೆ ಬರೆದದ್ದು ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ. ಕೋವಿಯ ವಿಷಯ ಅಲ್ಲಿರಲಿ. ಒಂದು ಗೆರೆ ಬರೆ. ಅಲೋಶಿಯಸ್ ಭಾವನಿಗೂ ಆಲ್‌ಸ್ಟನಿಗೂ ಹೇಳು, ಏನಾದರೂ ಆದರೆ ಸೀದಾ ಇಲ್ಲಿಗೆ. ಮನೆ ಉಂಟು, ಎರಡು ಕಾರು ಉಂಟು.

ಸಿಲ್ವಿ


ರಿಗ್ಗೈ
6 ಮಾರ್ಚ್ 1998

ಪ್ರೀತಿಯ ಸಿಲ್ವಿ,

ಕ್ಷೇಮವಾಗಿದ್ದೇವೆ. ಯುದ್ಧ ಆಗಲಿಲ್ಲ. ಆಗುತ್ತದೆಂದು ಅಲೋಶಿಯಸ್ ಕಿಟಕಿಗಳಿಗೆಲ್ಲ ಟೇಪು ಅಂಟಿಸಿದ್ದರು, ಈಗ ಅದನ್ನು ಕೀಳುವುದೇ ಯುದ್ಧವಾಗಿದೆ. ಹೊಸ ಫೋನ್ ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ.

ಉತ್ತರ ತಡವಾದದ್ದು ಯುದ್ಧದಿಂದಲ್ಲ. ನಿನ್ನ ಜನವರಿಯ ಕಾಗದವನ್ನು ಆಫೀಸಿನಲ್ಲಿ ಓದಿದೆ, ಬಸ್ಸಿನಲ್ಲಿ ಓದಿದೆ. ಬರೆಯಲು ಕೂತವಳು ಮತ್ತೆ ಅದನ್ನೇ ಓದಿದೆ.

ಸೋಡ ನೆನಪಿದೆ. ಶುಂಠಿ ಸೋಡ, ಗೋಲಿ ಒತ್ತಿ ತೆರೆಯುವ ಬಾಟಲಿ. ಪಪ್ಪ ಹೊರಗೆ ಬಂದು, “ಕೈ ಮಡಚು ನೋಡುವಾ” ಎಂದು ದಾರ ಹಿಡಿದು ಅಳತೆ ತೆಗೆದದ್ದೂ ನೆನಪಿದೆ. ಬಳೆ ಮಾಡಿಸುತ್ತಾರೆ ಅಂದುಕೊಂಡಿದ್ದೆ. ಬಳೆಗೆ ಮೊಣಕೈ ಯಾಕೆ ಅಳೆಯುತ್ತಾರೆ ಎಂದು ಈ ಕಾಗದ ಬರುವವರೆಗೆ ನನಗೆ ಹೊಳೆದಿರಲಿಲ್ಲ. ಲೆಕ್ಕದ ಮಾಸ್ಟ್ರ ಮಗಳು ನಾನು! ಆ ವರ್ಷ ಮಾತ್ರ ಬೆಳಗಿನ ಜಾವ ಪಪ್ಪನ ಜೊತೆ ಹೋಗಿ ಕಾಡುಕೋಳಿ ಹೊಡೆದೆ. ಕೋವಿ ನನ್ನ ಭುಜಕ್ಕೆ ಹಾಗೆ ಬಂದು ಕೂರುವುದು ನನ್ನ ಕೈಚಳಕವೆಂದು ಹೆಮ್ಮೆಪಟ್ಟಿದ್ದೆ. ಆಮೇಲೆ ಕಾಲೇಜು, ಮದುವೆ, ಕುವೈತ್. ರಜೆಗೆ ಬಂದಾಗೆಲ್ಲ ಗೋಡೆಯ ಮೇಲೆ ಕೋವಿ ಇರುತ್ತಿತ್ತು. ಅವರು ತೆಗೆದುಕೋ ಎನ್ನಲಿಲ್ಲ, ನಾನು ಕೊಡಿ ಎನ್ನಲಿಲ್ಲ. ಇಬ್ಬರೂ ಕೇಳುವುದನ್ನು ಇನ್ನೊಬ್ಬರಿಗೆ ಬಿಟ್ಟಿದ್ದೆವೋ ಏನೋ.

ಆದರೆ ಊದಿದ ಮೂಗು ನಿನ್ನದು. ಅದನ್ನು ಯೋಚಿಸಿದರೆ ಪಪ್ಪನ ಮೇಲೆ ನನಗೇ ಸ್ವಲ್ಪ ಕೋಪ ಬರುತ್ತದೆ.

ಅಬು ಮಿಶಾರಿಯ ಸಂಗತಿ ಕೇಳು. ನೀನು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಅವರ ಮುಂದಿಟ್ಟೆ. ಎಡಗೈಗೆ ಒಪ್ಪಿದರು, ಮೆತ್ತೆಗೆ ಒಪ್ಪಿದರು, ಚಿನ್ನದ ಕೆತ್ತನೆಯನ್ನು ನಿಟ್ಟುಸಿರಿನೊಂದಿಗೆ ಬಿಟ್ಟರು. ಇಪ್ಪತ್ತು ಬೋರ್ ಎನ್ನುವಾಗ ಮಿಶಾರಿ ನಕ್ಕುಬಿಟ್ಟ. “ಯುಬಾ, ಕ್ಯಾಟಲಾಗಿನಲ್ಲಿ ಅದರ ಪಕ್ಕ ಹೆಂಗಸಿನ ಚಿತ್ರ ಇದೆ. ಹೆಂಗಸರ ಕೋವಿ ಹಿಡಿದು ವಾಲ್ಟನ ಮುಂದೆ ನಿಲ್ಲುತ್ತೀರಾ?” ಯುಬಾ ಅಂದರೆ ಇವರಲ್ಲಿ ಅಪ್ಪ. ಮುದುಕರ ಮುಖ ಬಿಗಿಯಿತು. “ಹನ್ನೆರಡು. ಖಲಾಸ್” ಎಂದರು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಸೆಕ್ರೆಟರಿಯ ಕೆಲಸ ಅಷ್ಟೇ. ಆದರೆ ಅದೇಕೋ ನಿನ್ನ ಕಾಗದದ ಕತೆಯನ್ನೆಲ್ಲ ಅವರಿಗೆ ಹೇಳಿದೆ: ಸೋಡ, ದಾರ, ಒಂದೂವರೆ ಇಂಚು, ನಿನ್ನ ಮೂಗು. ಗಂಡಸರ ಕೋವಿ ಹಿಡಿದ ನನ್ನ ತಮ್ಮನಿಗೆ ಮೂಗು ಊದಿತು, ಅದೇ ಕೋವಿಯಲ್ಲಿ ನಾನು ಕಾಡುಕೋಳಿ ತಂದೆ, ಯಾಕೆಂದರೆ ಅದು ನನ್ನ ಕೈಗೆ ಮಾಡಿಸಿದ್ದಾಗಿತ್ತು, ಎಂದೆ. ಅವರು ಎಣಿಸುತ್ತಿದ್ದ ಮಣಿಸರವನ್ನು ಮೇಜಿನ ಮೇಲಿಟ್ಟರು.

“ನಿನ್ನ ತಂದೆ ಅದನ್ನು ಮತ್ತೆ ಉದ್ದ ಮಾಡಿಸಲಿಲ್ಲವೇ?”

“ಇಲ್ಲ.”

“ನೀನು ಈ ದೇಶಕ್ಕೆ ಬಂದ ಮೇಲೂ?”

“ಇಲ್ಲ.”

“ವಾಲ್ಟ್‌ಗೆ ಬರೆ. ಇಪ್ಪತ್ತು ಬೋರ್. ಯಲ್ಲಾ.” ಮತ್ತೆ ಮಗನ ಕಡೆ ತಿರುಗಿ, “ಆ ಹೆಂಗಸಿನ ಚಿತ್ರ ಕತ್ತರಿಸಿ ಕೊಡು, ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ನಿನ್ನ ತಾಯಿಗೆ ಹೇಳಬೇಡ” ಎಂದರು.

ಡ್ರಾಯರಿನಿಂದ ಪತ್ರ ತೆಗೆದು ನೋಡಿದೆ. ಈಗಲೂ ಸಹಿ ಹಾಕಿಲ್ಲ. ಹಿಂದೆ ಹಾಕದಿದ್ದದ್ದು ನಿನ್ನ ಮೇಲಿನ ಮುನಿಸಿಗೆ. ಈಗಿನದು ಬೇರೆ. ನಿನ್ನ ಕೈಗೆ ಹೊಂದದ ಕೋವಿಯನ್ನು ನಿನ್ನ ಹೆಸರಿಗೆ ಮಾಡಿ ಮತ್ತೆ ನಿನ್ನ ಮೂಗು ಒಡೆಯಲೇ? ಅದನ್ನು ಉದ್ದ ಮಾಡಲು ಬರುತ್ತದೆಯೇ, ಖಲೀಲರನ್ನು ಕೇಳು. ಉದ್ದ ಮಾಡಿಸುವುದು ನನಗೆ ಇಷ್ಟವೇ ಎಂದು ನನ್ನನ್ನು ಕೇಳಬೇಡ. ಇನ್ನೂ ತಿಳಿದಿಲ್ಲ.

ಕೈ ಮಡಚಿ ಅಳೆದು ನೋಡಿಕೊಂಡ,
(ಹದಿಮೂರು, ಒಂದು ಎಳೆಯಷ್ಟೂ ಬದಲಾಗಿಲ್ಲ)
ಆಗ್ನೆಸ್


ಮೂಡಬಿದ್ರಿ
30 ಮಾರ್ಚ್ 1998

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಕೂತು ಓದುತ್ತಿದ್ದೆ. ಗಾಳಿಗೆ ಬಾಗಿಲು ಬಡಿಯದ ಹಾಗೆ ಒಂದು ಮರದ ತುಂಡು ಇಟ್ಟಿದ್ದೇನೆ. ಸ್ಕೂಲ್ ಶುರು ಮಾಡಿದ ದಿನ ಪಪ್ಪ ಚೀಲದಿಂದ ತೆಗೆದು, “ಬಾಗಿಲಿಗೆ ಇಡು, ಆದರೆ ಬಿಸಾಡಬೇಡ” ಅಂತ ಕೊಟ್ಟದ್ದು. ಇಷ್ಟು ವರ್ಷ ಅದನ್ನು ಕಾಲಿನಲ್ಲಿ ಆಚೆ ಈಚೆ ತಳ್ಳುತ್ತಿದ್ದೆ. ಮೊಟ್ಟೆಯ ಆಕಾರ, ಒಂದೂವರೆ ಇಂಚು ದಪ್ಪ, ಒಂದು ಬದಿ ಸ್ವಲ್ಪ ಒಳಗೆ ಬಾಗಿದ್ದು, ಎರಡು ತಿರುಪಿನ ತೂತು. ಕಾಗದ ಕೆಳಗಿಟ್ಟು ಅದನ್ನು ಕೈಯಲ್ಲಿ ಎತ್ತಿಕೊಂಡೆ. ಕಲಿಯಲು ಬಂದ ಹೆಂಗಸೊಬ್ಬಳು, “ಸರ್, ಕ್ಲಚ್ಚಾ ಅದು?” ಅಂತ ಕೇಳಿದಳು.

ಅಂದರೆ ನನಗೆ ಬೇಕಾದ ತುಂಡನ್ನು ಪಪ್ಪ ನನ್ನ ಕೈಗೇ ಕೊಟ್ಟಿದ್ದರು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಲೆಕ್ಕ ಬಿಡಿಸಿ ತೋರಿಸುವ ಮಾಸ್ಟ್ರಲ್ಲ ಅವರು, ನಾವೇ ಬಿಡಿಸಬೇಕಿತ್ತು.

ಖಲೀಲರ ಹತ್ತಿರ ಕೊಂಡುಹೋದೆ. ತುಂಡನ್ನು ಮೂಸಿ ನೋಡಿ, “ವಾಲ್‌ನಟ್. ಇದರದ್ದೇ” ಅಂದರು. ಅಂಟು ಹಾಕಿ ಪರ್ಮನೆಂಟ್ ಕೂಡಿಸಬಹುದಂತೆ. ಅಥವಾ ಎರಡು ಉದ್ದ ತಿರುಪು ಹಾಕಿ, ಬೇಕಾದಾಗ ತೆಗೆಯುವ ಹಾಗೆ. ನಾನು ತಿರುಪು ಅಂದೆ.

ಕಾರಣ ರಿಯೋನಾ. ಅವಳು ಎನ್‌ಸಿಸಿ ಸೇರಿದ್ದಾಳೆ. ಕ್ಯಾಂಪಿನಲ್ಲಿ ಗುರಿ ಹೊಡೆಯುವುದರಲ್ಲಿ ಹುಡುಗರನ್ನೆಲ್ಲ ಸೋಲಿಸಿ ಬಂದು, ಮನೆಯಲ್ಲಿ ಯಾರೂ ನಂಬುವುದಿಲ್ಲ ಅಂತ ಸಿಟ್ಟು. ಮೊನ್ನೆ ಟೇಪು ತೆಗೆದು, “ಕೈ ಮಡಚು ನೋಡುವಾ” ಅಂದೆ. ಎಷ್ಟು ಬಂತು ಅಂತ ನಾನು ಬರೆಯುವುದಿಲ್ಲ, ನೀನು ಲೆಕ್ಕದ ಮಾಸ್ಟ್ರ ಮಗಳು. “ಬಳೆಗಾ ಡ್ಯಾಡಿ?” ಕೇಳಿದಳು. ಅಲ್ಲ, ಕೋವಿಗೆ ಅಂತ ಸರಿಯಾಗಿ ಹೇಳಿದೆ. ಒಂದು ತಲೆಮಾರಿಗೆ ಸಾಕು ಈ ಬಳೆ.

ಈಗ ನೀನು ಹೇಳು. ನಿನ್ನ ಹೆಸರಿಗೇ ಬೇಕು ಅಂದರೆ ನಾನು ಆಕ್ಷೇಪಣೆ ಇಲ್ಲ ಅಂತ ಬರೆದು ಕಳಿಸುತ್ತೇನೆ. ಈ ಸಲ ವಕೀಲರ ಲಕೋಟೆಯಲ್ಲಿ ಅಲ್ಲ. ಅವತ್ತು ಊಟದಲ್ಲಿ ಹೇಳಿದ ಮಾತನ್ನು ವಾಪಸು ತೆಗೆದುಕೊಂಡೆ. ನೋಟೀಸಿನ ದಿನ ಹತ್ತಿರ ಬರುತ್ತಾ ಉಂಟು, ಯಾವುದಾದರೂ ಒಂದು ಪತ್ರ ಬೇಕೇ ಬೇಕು. ಯಾರ ಹೆಸರಿಗೂ ಆಗದೆ ಅದು ಸರ್ಕಾರದ ಗೋದಾಮಿನಲ್ಲಿ ತುಕ್ಕು ಹಿಡಿಯುವುದು ಬೇಡ.

ಹಕ್ಕಿ ಬಿತ್ತಾ, ಬರೆ.

ಸಿಲ್ವಿ


ರಿಗ್ಗೈ
8 ಮೇ 1998

ಪ್ರೀತಿಯ ಸಿಲ್ವಿ,

ಹಕ್ಕಿ ಬಿತ್ತು. ಆದರೆ ಮೊದಲ ದಿನ ಅಲ್ಲ.

ಅಬು ಮಿಶಾರಿ ಮೊನ್ನೆ ಬಂದರು. ಬಿಸಿಲಿಗೆ ಕಪ್ಪಾಗಿ, ಹತ್ತು ವರ್ಷ ಚಿಕ್ಕವರಾಗಿ. ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ ಚಹಾ ತರಿಸಿ ಹೇಳಿದರು. ಮೊದಲ ಬೆಳಗ್ಗೆ ಎಲ್ಲವೂ ನಾವಂದುಕೊಂಡ ಹಾಗೇ ನಡೆಯಿತಂತೆ. ಮರಕ್ಕೆ ಬೆನ್ನು, ಎಡಭುಜಕ್ಕೆ ಕೋವಿ. ವಾಲ್ಟ್ ಪಕ್ಕದಲ್ಲಿ ಕೂತು ಹೇಂಟೆಯ ದನಿ ಮಾಡಿದ. ಹುಂಜ ಬಂತು, ನಿಂತಿತು, ಮತ್ತೆ ಬಂತು. “ಅಕ್ಕಿ ಚೀಲಕ್ಕಿಂತ ಹಗುರವಿತ್ತು ಆಗ್ನೆಸ್, ಕೈ ನಡುಗಲೇ ಇಲ್ಲ.” ಕುತ್ತಿಗೆ ಉದ್ದ ಮಾಡಿ ನಿಂತ ಹಕ್ಕಿ ಎದುರಿಗೇ ಇದೆ. ಕೋವಿಯ ಕುದುರೆ ಎಳೆಯುವ ಮೊದಲು ದೇವರ ಹೆಸರು ಹೇಳದಿದ್ದರೆ ಆ ಮಾಂಸ ಅವರಿಗೆ ಸಲ್ಲುವುದಿಲ್ಲವಲ್ಲ, ಹೇಳಿದರು. ಐವತ್ತು ವರ್ಷ ದಿವಾನಿಯಾದಲ್ಲಿ ಪಳಗಿದ ಗಂಟಲಿನಿಂದ, “ಬಿಸ್ಮಿಲ್ಲಾ!”

ಹಕ್ಕಿ ಇದ್ದ ಜಾಗದಲ್ಲಿ ಗಾಳಿ ಮಾತ್ರ ಉಳಿಯಿತಂತೆ.

“ವಾಲ್ಟ್ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ, ಕಳ್ಳ!”

ಬೋರ್ ನೋಡಿದೆವು, ಭುಜ ನೋಡಿದೆವು, ಕಣ್ಣು, ಮೊಣಕೈ, ತಲೆಯ ಬಟ್ಟೆ ಎಲ್ಲ ನೋಡಿದೆವು. ಬಾಯಿಯೊಂದನ್ನು ನಾನೂ ನೀನೂ ಮರೆತೆವು. ಗಿಡುಗ ಹಾರಿಸುವವರಿಗೆ ಅದರ ತೊಂದರೆಯಿಲ್ಲ, ಗಿಡುಗ ಕೈಬಿಡುವಾಗ ಹಕ್ಕಿ ಎಲ್ಲೋ ದೂರದಲ್ಲಿರುತ್ತದೆ. ಮೂರನೆಯ ಬೆಳಗ್ಗೆ ಇನ್ನೊಂದು ಹುಂಜ ಬಂತು. ಈ ಸಲ ತುಟಿ ಮಾತ್ರ ಅಲುಗಿಸಿದರಂತೆ, ಮೊಮ್ಮಗ ಮಲಗಿರುವ ಕೋಣೆಯಲ್ಲಿ ಪ್ರಾರ್ಥಿಸುವ ಹಾಗೆ. ಒಂದೇ ತೋಟೆ. ಓಡಲಿಲ್ಲ, ನರಳಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ. ವಾಲ್ಟ್‌ನ ಹೆಂಡತಿ ಅದರ ಎದೆಯ ಮಾಂಸ ಹುರಿದರೆ, ಇವರು ಏಲಕ್ಕಿ ಒಣನಿಂಬೆ ಹಾಕಿ ಮಚ್‌ಬೂಸ್ ಅನ್ನ ಮಾಡಿಸಿದರು. ಉಮ್ ಮಿಶಾರಿಗೆ ಮಾತು ಕೊಟ್ಟ ಪ್ರಕಾರ ಬರುವ ವಾರ ಕಣ್ಣಿನ ಆಪರೇಷನ್. ಸದ್ಯಕ್ಕೆ ಬೆಕ್ಕಿಗೆ ಸಲಾಂ ಮುಂದುವರಿದಿದೆ.

ನನ್ನ ಮೇಜಿನ ಮೇಲೆ ಎರಡು ಬಾಲದ ಗರಿ ಇಟ್ಟು ಹೋದರು. ಕಂದು, ತುದಿಯಲ್ಲಿ ತಾಮ್ರದ ಪಟ್ಟಿ. “ಒಂದು ನಿನಗೆ. ಒಂದು ಮೂಗು ಊದಿದವನಿಗೆ.”

ಈಗ ನಮ್ಮ ವಿಷಯ.

ನಿನ್ನ ಮಾರ್ಚ್ ಕಾಗದ ಬಂದ ದಿನದಿಂದ ನನ್ನನ್ನೇ ಕೇಳಿಕೊಂಡೆ, ನನಗೆ ಬೇಕಿದ್ದದ್ದು ಕೋವಿಯೇ? ಇದ್ದರೂ ಇರಬಹುದು, ಇಲ್ಲವೆಂದು ಹೇಳಿ ದೊಡ್ಡವಳಾಗುವುದಿಲ್ಲ. ಆದರೆ ಹೆಚ್ಚಾಗಿ ಬೇಕಿದ್ದದ್ದು, ಅದನ್ನು ಹಂಚುವಾಗ ನನ್ನನ್ನೂ ಒಂದು ಮಾತು ಕೇಳಬೇಕಿತ್ತು ಎನ್ನುವುದು. ನೀನು ಕೇಳಿದೆ. ಅದಕ್ಕಿಂತ ಮೊದಲೇ ಪಪ್ಪ ದಾರ ಹಿಡಿದು ಅಳೆದಿದ್ದರು ಎಂದು ತಿಳಿಸಿಯೂ ಕೊಟ್ಟೆ. ಇನ್ನು ನನಗೆ ಬರಬೇಕಾದದ್ದು ಏನೂ ಬಾಕಿ ಇಲ್ಲ.

ನಿನ್ನೆ ರಾಯಭಾರ ಕಚೇರಿಗೆ ಹೋಗಿ ಅವರ ಎದುರೇ ಸಹಿ ಹಾಕಿ ಮುದ್ರೆ ಒತ್ತಿಸಿದೆ. ನಿನ್ನ ಹೆಸರಿಗೆ. ಅಂಚೆಯನ್ನು ನಂಬಲು ದಿನ ಸಾಲದು. ನಫೀಸಮ್ಮ ಸೋಮವಾರ ಊರಿಗೆ ಹೋಗುತ್ತಿದ್ದಾರೆ, ಪತ್ರವನ್ನೂ ಗರಿಯನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಮಂಗಳೂರಿನ ಬಂದರಿನಲ್ಲಿ ಅವರ ಅಣ್ಣ ಪುತ್ತಬ್ಬರ ಮನೆಯಿಂದ ತೆಗೆದುಕೋ. ಅಲ್ಲಿ ಪತ್ತಿರಿ ಕೊಡುತ್ತಾರೆ, ನಮ್ಮ ನೆವ್ರಿಗಿಂತ ಮೇಲೆಂದು ಹೇಳಿ ಬಾ. ರಿಯೋನಾಗೆ ಲೈಸೆನ್ಸಿನ ವಯಸ್ಸಾದಾಗ ನೀನು ಅವಳಿಗೆ ಹೀಗೇ ಒಂದು ಪತ್ರ ಬರೆದುಕೊಡುತ್ತೀಯ ಎಂದು ನಂಬಿದ್ದೇನೆ. ನಂಬಿಕೆ ಸಾಲದಿದ್ದರೆ ಅವಳೇ ನೆನಪಿಸುತ್ತಾಳೆ, ಅವಳ ಗುರಿ ಚೆನ್ನಾಗಿದೆಯಂತಲ್ಲ.

ಜುಲೈ ಎರಡನೆಯ ವಾರ ನಾವು ರಜೆಗೆ ಬರುತ್ತೇವೆ, ಆಲ್‌ಸ್ಟನ್‌ನ ಇಂಗ್ಲಿಷ್ ಸಮೇತ. ಅಷ್ಟರಲ್ಲಿ ಕೋವಿ ನಿನ್ನ ಮನೆಗೆ ಬಂದಿರುತ್ತದೆ. ತುಂಡು ಕೂಡಿಸಿ ನೀನು ಹೊಡೆದು ನೋಡು, ಮೂಗು ಏನಾಯಿತೆಂದು ಫೋನ್ ಮಾಡು. ಹೊಡೆಯಬಾರದ ಕಡೆ ಹೊಡೆಯಬೇಡ, ಎಲ್ಲಿ ಅಪ್ಪಣೆ ಉಂಟೆಂದು ಖಲೀಲರನ್ನು ಕೇಳಿಕೋ.

ನಾನು ಬರುವ ದಿನ ಮಾತ್ರ, ಆ ಎರಡು ತಿರುಪು ಬಿಚ್ಚಿ ತುಂಡನ್ನು ಮತ್ತೆ ಬಾಗಿಲಿಗೆ ಇಟ್ಟಿರು.

ರಜೆಗೆ ಬರುವ,
ಆಗ್ನೆಸ್